ತಂಗಿಯ ಬಾಯಿಗಿಟ್ಟ ಬಟ್ಟೆ

ಡಾಕ್ಟರಮ್ಮ ಕೇಳಿದಾಗ ನಾನು ನಿಜ ಹೇಳಲಿಲ್ಲ.

2005ರಲ್ಲಿ ಚಾಮರಾಜನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಬಾಣಂತಿಯರನ್ನು ಎಬ್ಬಿಸಿ ಕೂರಿಸಿ, ಮಗುವನ್ನು ಎದೆಗೆ ಹಿಡಿಸುವುದು ನನ್ನ ಪಾಲಿನ ಕೆಲಸ. ಗುಂಡ್ಲುಪೇಟೆಗೆ ಕೊಟ್ಟಿದ್ದ ನನ್ನ ತಂಗಿ ಮಾದೇವಿ ಅಲ್ಲೇ ಹೆಣ್ಣು ಹೆತ್ತಳು. ಹೆರಿಗೆ ಸುಸೂತ್ರವಾಯಿತು. ಆದರೆ ಮಗು ಅತ್ತರೆ ಅವಳ ಕೈ ಏಳುತ್ತಿರಲಿಲ್ಲ. ಪಕ್ಕದ ಮಂಚದವಳು ಬೆಚ್ಚಿ ಏಳುವಳು, ಇವಳು ಕಿಟಕಿ ನೋಡುತ್ತ ಮಲಗಿರುವಳು. ಹಾಲೂ ಇಳಿಯಲಿಲ್ಲ.

"ಬೆಕ್ಕಾದ್ರೂ ಮರಿನ ಕಚ್ಕಂಡು ಓಯ್ತದೆ, ನಿಂಗೇನಾಗದಮ್ಮಿ?" ಎಂದು ವಾರ್ಡಿನವರೆದುರೇ ಬೈದೆ.

"ಗೊತ್ತಾಯ್ತಿಲ್ಲ ಕಣಕ್ಕ. ಯಾರ್ದೋ ಮನೆ ಕೂಸು ಅತ್ತಂಗೆ ಕೇಳ್ತದೆ."

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಆಕ್ಸಿಟೋಸಿನ್ ಎಂಬ ಹಾರ್ಮೋನ್ ಹಾಲು ಇಳಿಸುತ್ತದೆ, ಮಗುವಿನ ಕಡೆ ಮನಸ್ಸು ಎಳೆಯುವುದರಲ್ಲೂ ಅದರ ಪಾಲಿದೆ ಎಂದರು. ಎಳೆತನದಲ್ಲೇ ಮದ್ಯ ಒಳಗೆ ಹೋದರೆ ಅದು ಏರುಪೇರಾಗಬಹುದು; ಹಾಗೆ ಕುಡಿದ ಪ್ರಾಣಿಗಳು ತಾಯಾದಾಗ ಮರಿ ನೋಡಿಕೊಳ್ಳಲು ತಡವರಿಸುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರಂತೆ. ಮನುಷ್ಯರಲ್ಲಿ ಹೀಗೇ ಎನ್ನಲಾಗದು, ಬೇರೆ ಕಾರಣಗಳೂ ಇರುತ್ತವೆ ಎಂದೂ ಹೇಳಿದರು. "ಈ ಕಡೆ ಕೂಸು ಮಲಗಿಸೋಕೆ ಸಾರಾಯಿ ಕೊಡೋ ರೂಢಿ ಇದೆಯಲ್ಲ. ಇವಳಿಗೆ ಯಾರಾದರೂ ಕೊಟ್ಟಿದ್ದರಾ?"

"ಇಲ್ಲ ಮೇಡಂ" ಎಂದುಬಿಟ್ಟೆ.

ನಾವು ಕುದೇರು ಎಂಬ ಹಳ್ಳಿಯವರು. ನಾನು ಚಿಕ್ಕವಳಿದ್ದಾಗ ಅವ್ವ ಕಳೆ ಕೀಳಲು ಹೋದರೆ ಕೈಕೂಸು ಮಾದೇವಿ ನನ್ನ ಪಾಲಿಗೆ. ಬಟ್ಟೆ ಚೂರಿನಲ್ಲಿ ಬೆಲ್ಲ ಕಟ್ಟಿ, ಅಪ್ಪನ ಸಾರಾಯಿಯಲ್ಲಿ ಅದ್ದಿ ಚೀಪಿಸಿದರೆ ನಿದ್ದೆ. ಅವ್ವ ಹೇಳಿದ್ದು ಒಂದೇ ತೊಟ್ಟು. ಕುಂಟೆಬಿಲ್ಲೆ ಆಡುವ ಆಸೆಗೆ ನಾನು ಬಟ್ಟೆ ತೊಟ್ಟಿಕ್ಕುವಷ್ಟು ಅದ್ದುತ್ತಿದ್ದೆ.

ಮಾರನೇ ಬೆಳಿಗ್ಗೆ ಮಾದೇವಿಯ ಅತ್ತೆ ಸೆರಗಿನೊಳಗಿಂದ ಒಂದು ಬಟ್ಟೆ ತೆಗೆದು ನನ್ನ ಕೈಗಿಟ್ಟರು. ಬೆಲ್ಲ ಕಟ್ಟಿತ್ತು. ಬ್ರಾಂದಿ ವಾಸನೆ.

"ನೀನ್ ಬಟ್ಟೆ ಇಟ್ರೆ ಕೂಸು ಕಮಕ್ ಕಿಮಕ್ ಅನ್ನಲ್ವಂತಲ್ಲ, ನಿಮ್ಮವ್ವನೇ ಯೋಳವ್ಳೆ. ಇವತ್ತೊಂದ್ಸಲ ನೀನೇ ಇಡವ್ವ. ನಾಳೀಕೆ ಕೂಸ್ನ ನಾವ್ ತಕ್ಕೊಯ್ತೀವಿ. ಈ ಕಲ್ಲೆದೆಯೋಳು ನಿಮ್ಮನೇಲೇ ಇರ್ಲಿ."

ಮಗು ಅಳುತ್ತ ಬಾಯಿ ತೆರೆದಿತ್ತು. ಮಾದೇವಿ ಗೋಡೆ ಕಡೆ ತಿರುಗಿದಳು. ವಾರ್ಡಿನವರೆದುರು ಬೈದು ಅವಳನ್ನು ಮೊದಲು ಜನರ ಬಾಯಿಗೆ ಹಾಕಿದವಳು ನಾನೇ.

ಬಟ್ಟೆಯನ್ನು ಕಸದ ಬಕೆಟ್ಟಿಗೆ ಎಸೆದೆ. ಡಾಕ್ಟರಮ್ಮನನ್ನು ಕರೆತಂದು ಅವರೆದುರೇ ಅತ್ತೆಗೆ ನಿಜ ಹೇಳಿದೆ. ಆಮೇಲೂ ಬಹಳ ವರ್ಷ ಅದೇ ಕೆಲಸ ಮಾಡಿದೆ. ಮಗು ಎತ್ತದ ತಾಯಿಯನ್ನು ಬೈಯುವ ಮೊದಲು, ಅವಳು ಮಗುವಾಗಿದ್ದಾಗ ಏನಾಗಿತ್ತೆಂದು ಕೇಳುವುದನ್ನು ಕಲಿತದ್ದು ಆ ಬೆಳಿಗ್ಗೆ. ನಾನು ಬಾಯಿಬಿಟ್ಟಾಗ ಇಡೀ ವಾರ್ಡು ನೋಡುತ್ತಿತ್ತು.

"ಇವ್ಳುದು ಕಲ್ಲೆದೆ ಅಲ್ಲ ಕಣವ್ವ. ಕೂಸಾಗಿದ್ದಾಗ ಇವಳ ಬಾಯ್ಗೆ ಸಾರಾಯಿ ಬಟ್ಟೆ ಇಟ್ಟೋಳು ನಾನು. ಆಡಕ್ಕೆ ಓಗ್ಬೇಕು ಅಂತ ಇಟ್ಟೆ. ಮಾದೇವಿ, ತಪ್ಪಾಯ್ತು ಕಣಮ್ಮಿ. ಒಟ್ಟೆಗಾಕ್ಕೊ."