ಕಿಟಕಿ ಸೀಟಿಗೆ ನಾಲ್ವರು ಬೌಲರ್‌ಗಳು

ನೀವು ನಂಬುವುದಿಲ್ಲ, ಬಸವಕಲ್ಯಾಣದಲ್ಲಿ ಹುಮನಾಬಾದ್ ಬಸ್ಸಿನ ಒಂದೇ ಕಿಟಕಿ ಸೀಟಿಗೆ ಹೊರಗಿನಿಂದ ಎರಡು ಟವೆಲ್ ಬಿದ್ದವು: ಒಂದು ನನ್ನದು, ಇನ್ನೊಂದು ನಿರ್ಣಾ ಊರಿನ ಕುರಿ ಕಾಯುವ ಕಾಕಾರದು. ಯಾರ ಊರಿನ ನಾಲ್ವರು ಬೌಲರ್‌ಗಳು ಇದುವರೆಗಿನ ಶ್ರೇಷ್ಠರೋ ಅವರಿಗೇ ಸೀಟು ಎಂದು ಮಾತಾಯಿತು. ನಾನು ಬಿಡುವವನೇ ಅಲ್ಲ.

“ನಮ್ಮ ಮಾಣಿಕನಗರದ ಮೊದಲನೇ ಬೌಲರ್ ಓಡಿ ಬಂದ್ರ ಅಂಪೈರ್ ಬೇಲಿ ಹಾರ್ತಾನ್ರಿ!”

“ನಮ್ಮಾಂವ ಹಾಕಿದ ಚೆಂಡ ಹುಡುಕಾಕ ಹೋದ ನನ್ನ ನಾಯಿ ಎರಡ್ ದಿನ ಬರಲಿಲ್ಲೋ,” ಎಂದರು ಕಾಕಾ.

ಮೂರನೆಯವರ ತನಕ ಸಮಸಮ. ನಾನು ಎದೆ ಉಬ್ಬಿಸಿದೆ. “ನಾಲ್ಕನೆಯಾಂವ ನಾನೇ ರೀ. ನನ್ನ ನೋಡಿದ್ರ ಸ್ಟಂಪ್ ತಾವೇ ಬೀಳ್ತಾವ!”

ಇದಕ್ಕೆ ಸಮನಾದ ನಾಲ್ಕನೆಯವನು ಸಿಗದೆ ಕಾಕಾ ಸೋತು ತಮ್ಮ ಟವೆಲ್ ಎತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ನನ್ನ ಮಾತು ಕೇಳಿಸಿಕೊಂಡೇ ನಮ್ಮಪ್ಪ ಬಸ್ ಹತ್ತಿದರು.

“ಇಂವ ಹಾಕಿದ್ದು ಒಂದೇ ಓವರ್ ರೀ. ವೈಡ್ ಹಾಕಿ ಹಾಕಿ ಅದೂ ಇನ್ನಾ ಮುಗದಿಲ್ಲ. ನೀವೇ ಕುಂದರ್ರಿ.”