ಫೈಲಿನಲ್ಲಿ ಉಳಿದ ಹಳೆಯ ನಂಬರು

ಎಂಬತ್ತರ ದಶಕದ ಕೊನೆಯಲ್ಲಿ ಹಿರೇಕೆರೂರಿನ ಒಂದು ಬಿತ್ತನೆ ಬೀಜದ ಆಫೀಸಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಅಬಲೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಆರು ತಿಂಗಳು ಸುಸೂತ್ರ ಕಳೆದರೆ ಕೆಲಸ ಕಾಯಂ. ಅದಕ್ಕೆ ಕಲ್ಲು ಹಾಕಲು ನಿಂತವನು ನನ್ನ ಮೇಲಿನ ಸಾಹೇಬ.

ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮು ಶುರುವಾದರೂ ಅದಕ್ಕೊಂದು ನಂಬರು ಬೀಳುತ್ತದೆ. ಸಾಹೇಬ ಬರೆದ ಸ್ಕ್ರಿಪ್ಟು, ಅಂದರೆ ಆದೇಶಗಳ ಸಣ್ಣ ಪಟ್ಟಿ, ಬೀಜದ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ಎಬ್ಬಿಸಿ, ಅದರ ನಂಬರನ್ನು ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಅವನದೇ ಇನ್ನೊಂದು ಸ್ಕ್ರಿಪ್ಟು ಆ ಫೈಲು ಓದಿ, ಆ ನಂಬರಿನ ಪ್ರೋಗ್ರಾಮನ್ನು ಕೊಲ್ಲುತ್ತಿತ್ತು, ಅಂದರೆ ಇದ್ದಲ್ಲಿಗೇ ನಿಲ್ಲಿಸಿಬಿಡುತ್ತಿತ್ತು. ಅದು ಯಾರೆಂದು ಹೆಸರು ಮಾತ್ರ ಕೇಳುತ್ತಿರಲಿಲ್ಲ. ಕರೆಂಟು ಹೋಗಿ ಬಂದರೆ ನಂಬರುಗಳು ಮತ್ತೆ ಒಂದರಿಂದ ಶುರು; ಫೈಲಿನಲ್ಲಿ ಹಳೆಯದೇ ಕೂತಿರುತ್ತಿತ್ತು. ಕರೆಂಟು ಬಂದಮೇಲೆ ಮೊದಲು ನಿಲ್ಲಿಸಿ, ಆಮೇಲೆ ಎಬ್ಬಿಸಬೇಕು ಎಂಬುದು ಸಾಹೇಬನದೇ ಕಟ್ಟಪ್ಪಣೆ.

ಒಂದು ಸಂತೆಯ ದಿನ ಕರೆಂಟು ಹೋಗಿ ಬಂದಮೇಲೆ ಅಪ್ಪಣೆಯಂತೆ ನಿಲ್ಲಿಸಿದೆ. ಸತ್ತದ್ದು ಅದೇ ಕಂಪ್ಯೂಟರಿಗೆ ಜೋಡಿಸಿದ್ದ ಪಕ್ಕದ ಟರ್ಮಿನಲ್ಲಿನಲ್ಲಿ ಅರ್ಧ ಮುಗಿದಿದ್ದ ಮೊಳಕೆ ಪರೀಕ್ಷೆಯ ವರದಿ.

"ಹೊಲದಾಗ ಕಸಾ ತಗಿಯೋ ಕೈಗೆ ಮಷೀನ್ ಕೊಟ್ರ ಹಿಂಗ ಆಕ್ಕೈತ್ರಿ," ಎಂದ ಸಾಹೇಬ, ಮಾಲಕರಿಗೆ. ಬೀಜ ಒಯ್ಯಲು ಬಂದ ರೈತರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ತಪ್ಪು ಎಲ್ಲಿದೆ ಎಂದು ಹುಡುಕಲು ಎರಡು ದಿನ ಹಿಡಿಯಿತು: ಫೈಲಿನಲ್ಲಿದ್ದ ಹಳೆಯ ನಂಬರು ಕರೆಂಟು ಬಂದಮೇಲೆ ಆ ವರದಿಯ ಪ್ರೋಗ್ರಾಮಿಗೆ ಬಿದ್ದಿತ್ತು. ಹಾಳೆಯ ಮೇಲೆ ಬರೆದು ಚೀಲದಲ್ಲಿ ಇಟ್ಟುಕೊಂಡೆ. ಯಾರಿಗೂ ತೋರಿಸಲಿಲ್ಲ.

ಮುಂದಿನ ಸಂತೆಯ ದಿನ ಬೆಳಿಗ್ಗೆಯೇ ಕರೆಂಟು ಹೋಗಿ ಬಂತು. ಫೈಲು ನೋಡಿದೆ: ನೂರಾ ನಲವತ್ತೆರಡು.

"ನಿನ್ನ ಮ್ಯಾಲ ರಿಪೋರ್ಟ್ ಬರೀತೇನಿ. ಮಾಲಕರು ಇವತ್ತ ನಿನ್ನ ಮನಿಗೆ ಕಳಸ್ತಾರ," ಎಂದ ಸಾಹೇಬ ಟರ್ಮಿನಲ್ಲಿನತ್ತ ಕುರ್ಚಿ ಎಳೆದುಕೊಳ್ಳುತ್ತಾ. ನಾನು ಪಕ್ಕದ ನನ್ನ ಟರ್ಮಿನಲ್ಲಿನಲ್ಲಿ ಕೂತು ಸಣ್ಣಪುಟ್ಟ ಆದೇಶ ಕೊಡುತ್ತಾ ಹೋದೆ. ಒಂದೊಂದಕ್ಕೂ ಒಂದೊಂದು ನಂಬರು ಖರ್ಚು. ನೂರಾ ನಲವತ್ತೊಂದಕ್ಕೆ ಕೈ ಬಿಟ್ಟೆ. ಅವನು ಟೈಪು ಮಾಡುವ ಪ್ರೋಗ್ರಾಮು ತೆರೆದ. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದು ನೋಡಿದೆ. ಅವನದೇ, ನೂರಾ ನಲವತ್ತೆರಡು.

ಎರಡು ತಾಸು ರಿಪೋರ್ಟು ಕುಟ್ಟಿದ. ಮಾಲಕರು ಬಂದರು, ರೈತರೂ ಸೇರಿದರು. ಆಗ ಎದ್ದೆ.

"ಸಾಹೇಬ್ರ, ಚೀಟಿ ಪ್ರಿಂಟ್ ಶುರು ಮಾಡಬೇಕ್ರಿ. ನನ್ನ ಕೈ ಸರಿ ಇಲ್ಲ, ನೀವ ಒಮ್ಮೆ ಮಾಡಿ ತೋರಸ್ರಿ."

ಬೀಗುತ್ತಾ ನನ್ನ ಕುರ್ಚಿಗೆ ಬಂದು, ತನ್ನದೇ ಅಪ್ಪಣೆಯಂತೆ ಮೊದಲು ನಿಲ್ಲಿಸುವ ಸ್ಕ್ರಿಪ್ಟು ಓಡಿಸಿದ. ಅವನ ಪರದೆಯ ಮೇಲಿನ ಎರಡು ತಾಸು ಒಂದೇ ಏಟಿಗೆ ಮಾಯವಾಯಿತು.

"ಯಾಕ್ರಿ, ಏನಾತು?" ಎಂದರು ಮಾಲಕರು. ಚೀಲದಿಂದ ಹಾಳೆ ತೆಗೆದು ಕೊಟ್ಟೆ. ನಂಬರಿನ ಜೊತೆ ಹೆಸರನ್ನೂ ನೋಡಿ ಕೊಲ್ಲುವ ಹೊಸ ಸ್ಕ್ರಿಪ್ಟನ್ನು ಅಲ್ಲೇ ಬರೆದೆ. ಕೆಲಸ ಕಾಯಂ ಆಯಿತು.

ಆ ಹಾಳೆಯನ್ನು ಬರೆದ ದಿನವೇ ಕೊಟ್ಟಿದ್ದರೂ ಕೆಲಸ ಉಳಿಯುತ್ತಿತ್ತು, ನನಗೆ ಗೊತ್ತಿತ್ತು. ಆದರೆ ಆ ರೈತರು ಇನ್ನೊಮ್ಮೆ ನಗಬೇಕಿತ್ತು, ಅವನನ್ನು ನೋಡಿ. ನಕ್ಕರು.