ಮೇಷ್ಟ್ರ ಪಟ್ಟಿಯಲ್ಲಿ ನನ್ನ ಹೆಸರು

1966ನೇ ಇಸವಿ. ರೂಪಾಯಿಯ ಬೆಲೆ ಇಳಿಸಿದ ವರ್ಷ ಅದು. ನಾನಾಗ ಚಿಂತಾಮಣಿಯ ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದೆ. ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಅಕ್ಕಿ, ಬೇಳೆ, ಸೀಮೆಎಣ್ಣೆ, ಯಾವುದರ ಬೆಲೆಯೂ ಈ ತಿಂಗಳಿದ್ದಂತೆ ಮುಂದಿನ ತಿಂಗಳು ಇರುತ್ತಿರಲಿಲ್ಲ.

ಯಜಮಾನರ ಕಡೆಯಿಂದ ಬಂದ ಮೂರು ಸಾವಿರ ರೂಪಾಯಿಯನ್ನು ನಾನು ಶಿಡ್ಲಘಟ್ಟದ ಒಬ್ಬ ರೇಷ್ಮೆ ಸಾಹುಕಾರರ ಹತ್ತಿರ ಇಟ್ಟಿದ್ದೆ. ಅವರು ನಮ್ಮಂಥವರ ಹಣದಲ್ಲಿ ರೇಷ್ಮೆ ಕೊಂಡಿಟ್ಟು, ರೇಟು ಏರಿದಾಗ ಮಾರುತ್ತಿದ್ದರು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಪೋಸ್ಟಾಫೀಸಿನಲ್ಲಿ ಅದರ ಅರ್ಧವೂ ಸಿಗುತ್ತಿರಲಿಲ್ಲ.

ನಮ್ಮ ಹೆಡ್ಮಾಸ್ಟರಾಗಿದ್ದ ಮುನಿವೆಂಕಟಪ್ಪನವರು ಅದಕ್ಕೆ ಹಿಂದಿನ ವರ್ಷ ರಿಟೈರಾಗಿದ್ದರು. "ನಿಮಗೆ ಸರಿಯಾಗಿ ಬರ್ತಿದೆಯೇನಮ್ಮಾ?" ಅಂತ ಒಂದು ದಿನ ಕೇಳಿದರು. "ಒಂದು ತಿಂಗಳೂ ತಪ್ಪಿಲ್ಲ ಸಾರ್" ಅಂದೆ. ಆ ಮಾತಿನ ಮೇಲೆ ಅವರು ತಮ್ಮ ಪ್ರಾವಿಡೆಂಟ್ ಫಂಡಿನ ಅರ್ಧ ಹಣವನ್ನು ಅಲ್ಲೇ ಇಟ್ಟರು.

ಆ ವರ್ಷ ಸಾಹುಕಾರರು ಬಡ್ಡಿಯನ್ನು ಒಂದೂವರೆಗೆ ಏರಿಸಿದರು. ಆಮೇಲೆ ಎರಡಕ್ಕೆ. ನಾನು ಹಿರಿಹಿರಿ ಹಿಗ್ಗಿದೆ. ಶಿಡ್ಲಘಟ್ಟದಲ್ಲಿ ನೂಲು ತೆಗೆಸುತ್ತಿದ್ದ ನಮ್ಮಣ್ಣ ಮಾತ್ರ ಒಂದು ಭಾನುವಾರ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದ:

"ಎರಡು ರೂಪಾಯಿ ಯಾಕೆ ಕೊಡ್ತಾನೆ ಹೇಳು? ಬ್ಯಾಂಕಿನೋರು ಸಾಲ ಕೊಡಲ್ಲ ಅಂದಿದಾರೆ. ಏರಿದ ರೇಟಲ್ಲಿ ಕೊಂಡ ಮಾಲು ಹಾಗೇ ಬಿದ್ದಿದೆ. ಈಗ ರೇಟು ಇಳೀತಿದೆ. ಹೋಗಿ ನಿನ್ನ ದುಡ್ಡು ತಗೊಂಬಿಡು. ಆದ್ರೆ ಯಾರ ಹತ್ರಾನೂ ಬಾಯಿಬಿಡಬೇಡ ಕಣಮ್ಮ. ನಂದೂ ಅಲ್ಲೇ ಇದೆ, ಶುಕ್ರವಾರ ಕೊಡ್ತೀನಿ ಅಂದಿದಾನೆ. ನಾಲ್ಕು ಜನ ಒಟ್ಟಿಗೆ ಹೋದ್ರೆ ಯಾರಿಗೂ ಸಿಗಲ್ಲ."

ಮಂಗಳವಾರ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೋದೆ. ಮನೆ ಕೊಳ್ಳುತ್ತಿದ್ದೇನೆ ಅಂತ ಸುಳ್ಳು ಹೇಳಿದೆ. ಸಾಹುಕಾರರು ಎರಡು ಗಂಟೆ ಕಾಯಿಸಿ, ಮುಖ ಗಂಟು ಹಾಕಿಕೊಂಡು ಹಣ ಕೊಟ್ಟರು. ಚೀಲವನ್ನು ಸೆರಗಿನೊಳಗೆ ಇಟ್ಟುಕೊಂಡು ಮಹಡಿಯ ಮೆಟ್ಟಿಲು ಇಳಿಯುತ್ತಿದ್ದೆ. ಎದುರಿಗೆ ಮುನಿವೆಂಕಟಪ್ಪನವರು ಹತ್ತಿ ಬರುತ್ತಿದ್ದರು.

"ಏನಮ್ಮಾ ಸರೋಜಮ್ಮ, ಬಡ್ಡಿಗೆ ಬಂದಿದ್ರಾ?"

"ಹೂಂ ಸಾರ್."

"ಉಳಿದಿದ್ದನ್ನೂ ತಂದ್ಬಿಟ್ಟೆ. ಎರಡು ರೂಪಾಯಿ ಬಡ್ಡಿ ಅಂದ್ರೆ ಬಾಡಿಗೆ, ನಮ್ಮ ಮನೆಯವಳ ಔಷಧಿ ಎರಡೂ ಕಳೆಯುತ್ತೆ. ನೀವು ಹೇಳಿದ್ದಕ್ಕೆ ಒಳ್ಳೇದಾಯ್ತು."

ನನ್ನ ಹಣ ನನ್ನ ಕೈಯಲ್ಲಿತ್ತು. ಬೇಡ ಸಾರ್, ವಾಪಸು ಹೋಗಿ ಅನ್ನುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಅಣ್ಣನ ಶುಕ್ರವಾರ ನೆನಪಾಯಿತು. "ಬಸ್ಸಿಗೆ ಹೊತ್ತಾಯ್ತು, ಬರ್ತೀನಿ ಸಾರ್" ಅಂದು ಇಳಿದುಬಿಟ್ಟೆ. ದಾರಿಯುದ್ದಕ್ಕೂ, ಅಣ್ಣನ ದುಡ್ಡು ಬಂದ ಮೇಲೆ ಹೇಳಿದರಾಯಿತು ಅಂತ ಸಮಾಧಾನ ಮಾಡಿಕೊಂಡೆ.

ಗುರುವಾರ ಬೆಳಿಗ್ಗೆ ಅಂಗಡಿಗೆ ಬೀಗ ಬಿದ್ದಿತ್ತು. ಸಾಹುಕಾರರು ಸಂಸಾರ ಸಮೇತ ಎಲ್ಲಿಗೆ ಹೋದರೋ ಯಾರಿಗೂ ತಿಳಿಯಲಿಲ್ಲ. ಅಣ್ಣನಿಗೂ ಬಿಡಿಗಾಸು ಬರಲಿಲ್ಲ.

ಹತ್ತು ದಿನ ಕಳೆದು ಮುನಿವೆಂಕಟಪ್ಪನವರು ನಮ್ಮ ಮನೆಗೆ ಬಂದರು. ಮುಖ ಬತ್ತಿಹೋಗಿತ್ತು. ಜೇಬಿನಿಂದ ಗೆರೆಯ ಕಾಗದವೊಂದನ್ನು ತೆಗೆದು ಬಿಡಿಸಿದರು.

"ಎಲ್ಲಾ ಸೇರಿ ಕೋರ್ಟಿಗೆ ಹೋಗಣ ಅಂತಿದೀವಿ. ನೀವು ಬರ್ಲಿಲ್ಲ, ನಾನೇ ನಿಮ್ಮ ಹೆಸರು ಬರೆದೆ. ಮೊದಲನೇ ಹೆಸರು ನಿಮ್ಮದೇ. ಏನು ವಸೂಲಾದ್ರೂ ಮೊದಲು ಈಯಮ್ಮನಿಗೆ ಕೊಡಿಸ್ಬೇಕು, ಇಬ್ಬರು ಹೆಣ್ಣುಮಕ್ಕಳು ಅಂತ ಎಲ್ರಿಗೂ ಹೇಳಿದೀನಿ. ಇಲ್ಲೊಂದು ಸೈನ್ ಹಾಕಿ."

ನನ್ನ ಕೈ ಪೆನ್ನಿನ ಹತ್ತಿರ ಹೋಗಲಿಲ್ಲ. "ನನ್ನದು ಬಂತು ಸಾರ್" ಅಂದೆ.

"ಯಾವತ್ತಮ್ಮಾ?"

"ಮಂಗಳವಾರ."

ಅವರು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಹಾಜರಿ ತಿದ್ದುತ್ತಿದ್ದ ಹಾಗೆ, ನನ್ನ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು.

"ಹೋಗ್ಲಿ ಬಿಡಮ್ಮ. ಮಕ್ಕಳ ಓದಿಗಾಯ್ತು" ಅಂದರು. ಎದ್ದು ಹೋದರು.

ಮರುವಾರ ಐನೂರು ರೂಪಾಯಿ ತೆಗೆದುಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ಒಳಗಿನಿಂದ ಕೆಮ್ಮುತ್ತಾ ಬಂದು, "ಬೇಡಮ್ಮ, ಅವರು ಇಸ್ಕೊಳ್ಳಲ್ಲ" ಅಂದು ಹಣವನ್ನು ನನ್ನ ಕೈಗೇ ತುರುಕಿದರು. ಕೋರ್ಟಿನಿಂದ ಏನೂ ಬರಲಿಲ್ಲ. ಆ ವಯಸ್ಸಿನಲ್ಲಿ ಮೇಷ್ಟ್ರು ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವ ಕೆಲಸಕ್ಕೆ ಇಳಿದರು. ಮರುವರ್ಷ ಆಕೆ ಹೋದರು. ಅದಾದ ಎರಡು ವರ್ಷಕ್ಕೆ ಅವರೂ ಹೋದರು. ಮೆಟ್ಟಿಲ ಮೇಲಿನ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಊರಿನಲ್ಲಿ ಯಾರಾದರೂ ನನ್ನನ್ನು ಕೇಳೇ ಕೇಳುತ್ತಿದ್ದರು.

ಆ ಹಣದಿಂದಲೇ ನನ್ನ ಹಿರಿಯ ಮಗಳು ಓದಿ ಟೀಚರಾದಳು. ಮೊದಲ ಸಂಬಳ ತಂದು ನನ್ನ ಕೈಗಿಟ್ಟಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ನೆನಪಾದರೇನೋ ಅಂತ ಅವಳೂ ಅತ್ತಳು. ನಿಜವಾದ ಕಾರಣ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ.